ಜರ್ಮನ್ ಪಾಠಕ್ಕೆ ಇಂಗ್ಲಿಷಿನ ಬಳಸುದಾರಿ ಯಾಕೆ?

ಕಾಸರಗೋಡಿನ ಕಡೆ ಜರ್ಮನ್ ಕಲಿಯಲು ಬರುವವರಲ್ಲಿ ನರ್ಸಿಂಗ್ ಮುಗಿಸಿದವರೇ ಜಾಸ್ತಿ. ಮಂಗಳೂರಿನಲ್ಲಿ ನೈಟ್ ಡ್ಯೂಟಿ ಮುಗಿಸಿ, ಉಪ್ಪಳದಲ್ಲೋ ಕುಂಬಳೆಯಲ್ಲೋ ಇಳಿದು ಕ್ಲಾಸಿಗೆ ಬಂದು ಕೂರುವವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳಂ. ಇಂಗ್ಲಿಷಿನ ಸರದಿ ಅದರ ನಂತರ. ಆದರೂ ವ್ಯಾಕರಣದ ವಿವರಣೆಯೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತದೆ. ಅರ್ಧ ತೊಡಕು ಅಲ್ಲೇ ಹುಟ್ಟುವುದು.

‘ನನಗೆ ಸೆಕೆ ಆಗ್ತಿದೆ’ ಎನ್ನುವುದನ್ನೇ ನೋಡಿ. ಜರ್ಮನ್‌ನಲ್ಲಿ ‘ಮೀರ್ ಇಸ್ಟ್ ಹೈಸ್’. ‘ಮೀರ್’ ಅಂದರೆ ‘ನನಗೆ’. ಚಳಿಗೆ ‘ಮೀರ್ ಇಸ್ಟ್ ಕಲ್ಟ್’, ತಲೆ ತಿರುಗಿದರೆ ‘ಮೀರ್ ಇಸ್ಟ್ ಶ್ವಿಂಡ್ಲಿಶ್’. ತುಳುವಿನ ‘ಎಂಕ್’, ಮಲಯಾಳದ ‘ಎನಿಕ್ಕ್’ ಕೂಡ ಇದೇ ಜಾಗದಲ್ಲಿ ಕೂರುತ್ತವೆ. ಇಂಗ್ಲಿಷಿನ ‘ಐ ಆಮ್ ಹಾಟ್’ ಮೂಲಕ ಬಂದವರು ‘ಇಶ್ ಬಿನ್ ಹೈಸ್’ ಎನ್ನುತ್ತಾರೆ. ಅದು ಜರ್ಮನರ ಕಿವಿಗೆ ಕಾಮದ ಮಾತಾಗಿ ಕೇಳಬಹುದು, ವಾರ್ಡಿನಲ್ಲಂತೂ ಬೇಡವೇ ಬೇಡ. ಆದರೆ ಎಲ್ಲ ‘ನನಗೆ’ಯೂ ‘ಮೀರ್’ ಆಗುವುದಿಲ್ಲ. ಜ್ವರ, ಹಸಿವು, ಬಾಯಾರಿಕೆಗೆ ‘ಇಶ್ ಹಾಬೆ’ (ನನ್ನಲ್ಲಿ ಇದೆ) ಬೇಕು: ‘ಇಶ್ ಹಾಬೆ ಫೀಬರ್’. ಎರಡು ಪಟ್ಟಿಯನ್ನೂ ಒಂದೇ ದಿನ, ಬೋರ್ಡಿನ ಎರಡು ಬದಿಯಲ್ಲಿ ಬರೆಸಿ. ಒಂದನ್ನು ಮಾತ್ರ ಕಲಿಸಿದರೆ ಅದನ್ನೇ ಎಲ್ಲ ಕಡೆ ಎಳೆಯುತ್ತಾರೆ.

ಪದಕ್ರಮದಲ್ಲೂ ಹೀಗೆಯೇ. ‘ವೈಲ್’ (ಯಾಕೆಂದರೆ) ಬಂದಾಗ ಕ್ರಿಯಾಪದ ಕೊನೆಗೆ ಹೋಗುವುದು ಇಂಗ್ಲಿಷಿನಲ್ಲಿ ಯೋಚಿಸುವವರಿಗೆ ತಲೆನೋವು, ನಮ್ಮವರಿಗೆ ಸಲೀಸು. ‘ಗೆಶ್ಲಾಫೆನ್ ಹಾಟ್’ ಅನ್ನು ‘ನಿದ್ದೆ ಮಾಡಿ-ದ್ದಾರೆ’ಯ ಪಕ್ಕ ಬರೆದರೆ ಸಾಕು, ಮುಖ್ಯ ಕ್ರಿಯೆ ಮೊದಲು, ಸಹಾಯಕ ಕ್ರಿಯೆ ಆಮೇಲೆ. ನಿಜವಾಗಿ ಕಾಡುವುದು ಸರಳ ವಾಕ್ಯ. ಅಲ್ಲಿ ಕ್ರಿಯಾಪದಕ್ಕೆ ಎರಡನೆಯ ಸ್ಥಾನ ಕಡ್ಡಾಯ. ‘ಹೊಯ್ಟೆ’ ಅಂದರೆ ಇಂದು; ‘ಹೊಯ್ಟೆ ಇಶ್ ಹಾಬೆ’ ತಪ್ಪು, ‘ಹೊಯ್ಟೆ ಹಾಬೆ ಇಶ್’ ಸರಿ. ಕರ್ತೃವಿನಿಂದ ಶುರುವಾಗುವ ವಾಕ್ಯಗಳನ್ನೇ ಅಭ್ಯಾಸ ಮಾಡಿಸಿದರೆ ಈ ತಪ್ಪು ಹೊರಗೆ ಬೀಳುವುದೇ ಇಲ್ಲ. ‘ಇಂದು’, ‘ರಾತ್ರಿ’, ‘ಆಮೇಲೆ’ಗಳಿಂದ ಶುರುಮಾಡಿಸಿ.

ಲಿಂಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಲಿಂಗ ತೋರಿಸುವ ಡೇರ್ (ಪುಲ್ಲಿಂಗ), ಡೀ (ಸ್ತ್ರೀಲಿಂಗ), ಡಾಸ್ (ನಪುಂಸಕ) ಜತೆಗಿಲ್ಲದೆ ನಾಮಪದವನ್ನು ಬರೆಯಲೇ ಬಿಡಬೇಡಿ. ಜರ್ಮನ್‌ನಲ್ಲಿ ಹುಡುಗಿಗೆ ನಪುಂಸಕ ಲಿಂಗವೇ ಎಂದು ಉಳಿದವರು ನಗುವಾಗ, ಹವ್ಯಕ ಮನೆಯವರು ಸುಮ್ಮನೆ ಕೂತಿರುತ್ತಾರೆ. ಅವರ ಮಾತಿನಲ್ಲಿ ಅಕ್ಕನೂ ‘ಬಂತು’.

ಅಪಾಯ ಇರುವುದು ಸಂಖ್ಯೆಯಲ್ಲಿ. 96 ಅನ್ನು ಜರ್ಮನ್‌ನಲ್ಲಿ ‘ಆರು ಮತ್ತು ತೊಂಬತ್ತು’ ಎನ್ನುತ್ತಾರೆ. ಕನ್ನಡ, ತುಳು, ಮಲಯಾಳಂ ಮೂರರಲ್ಲೂ ಹತ್ತರ ಸ್ಥಾನ ಮೊದಲು. ಆರು ಕೇಳಿದ ಕೂಡಲೇ 6 ಬರೆದು, ನಾಡಿಬಡಿತ 96 ಇದ್ದದ್ದು 69 ಆಗುತ್ತದೆ. ಹಿಂದಿ ಚೆನ್ನಾಗಿ ಬಲ್ಲವರಿಗೆ ‘ಪೈಂತಾಲೀಸ್’ ನೆನಪಿಸಿ, ಅಲ್ಲೂ ಐದು ಮೊದಲು. ಪ್ರತಿ ಕ್ಲಾಸಿನ ಮೊದಲ ಐದು ನಿಮಿಷ ಹತ್ತು ರೀಡಿಂಗ್ ಹೇಳಿ ಬರೆಸಿ: ಬಿ.ಪಿ. 145/90, ಜ್ವರ 37,8 (ಅಲ್ಲಿ ಚುಕ್ಕಿಯಲ್ಲ, ಅಲ್ಪವಿರಾಮ), ಫೋನ್ ನಂಬರ್. ಪೂರ್ತಿ ಸಂಖ್ಯೆ ಕಿವಿಗೆ ಬೀಳುವವರೆಗೆ ಪೆನ್ನು ಕಾಗದಕ್ಕೆ ತಾಗಬಾರದು. ಒಂದರ ಸ್ಥಾನವನ್ನು ಮೊದಲೇ ಬರೆದಿಟ್ಟು ಎಡಕ್ಕೆ ಜಾಗ ಬಿಡುವ ಉಪಾಯ ಕಾಗದದಲ್ಲಿ ನಡೆಯುತ್ತದೆ, ಕಂಪ್ಯೂಟರಿನಲ್ಲಿ ಕೈಕೊಡುತ್ತದೆ.

ಇನ್ನು ಉತ್ಸಾಹ. ಭಾಷಾ ಕಲಿಕೆಯ ಹಂತಗಳು ಎ1, ಎ2, ಬಿ1, ಬಿ2 ಎಂದು ಮೇಲೇರುತ್ತವೆ. ಎ1ರಲ್ಲಿ ಯಾರೂ ಬಿಡುವುದಿಲ್ಲ, ದಿನಾ ಹೊಸದೇನೋ ಸಿಗುತ್ತಿರುತ್ತದೆ. ಎ2 ಮುಗಿದು ಬಿ1ರ ನಡುವೆ ಕುರ್ಚಿಗಳು ಖಾಲಿಯಾಗುತ್ತವೆ. ಜರ್ಮನ್ ಕಲಿಸಿ ಪರೀಕ್ಷೆ ನಡೆಸುವ ಗೊಯೆಥೆ ಸಂಸ್ಥೆಯ ಅಂದಾಜಿನಲ್ಲಿ ಬಿ1ಕ್ಕೆ 45 ನಿಮಿಷದ 350ರಿಂದ 650 ಪಾಠ ಬೇಕು. ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆಗೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ. ‘ಆರೇ ತಿಂಗಳಲ್ಲಿ ಬಿ2’ ಎಂದು ಏಜೆಂಟರ ಮಾತು ಕೇಳಿ ಬಂದವರು ಈ ಹಂತದಲ್ಲೇ ಕುಸಿಯುವುದು. ಲೆಕ್ಕವನ್ನು ಮೊದಲ ದಿನವೇ ಹೇಳಿಬಿಡಿ.

ಹುರಿದುಂಬಿಸುವ ಭಾಷಣದಿಂದ ಏನೂ ಆಗದು. ತಮಗೆ ಮೊದಲೇ ಗೊತ್ತಿರುವ ಕೆಲಸವನ್ನು ಜರ್ಮನ್‌ನಲ್ಲಿ ಮಾಡಿ ಮುಗಿಸಿದಾಗ ಹಿಡಿತ ಬರುತ್ತದೆ. ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್ ಅದಕ್ಕೆ ಹೇಳಿ ಮಾಡಿಸಿದ್ದು: ರೋಗಿಯ ಹೆಸರು, ವಯಸ್ಸು, ಏನಾಗಿ ಬಂದದ್ದು, ರಾತ್ರಿ ಏನಾಯಿತು, ಏನು ಬಾಕಿ. ಒಂದು ನಿಮಿಷ. ಚೀಟಿಯಲ್ಲಿ ಐದು ಪದ ಮಾತ್ರ, ವಾಕ್ಯ ಬರೆಯುವಂತಿಲ್ಲ. ಬರೆದರೆ ಓದುತ್ತಾರೆ, ಮಾತಾಡುವುದಿಲ್ಲ. ಮುಂದಿನ ವಾರ ಅದೇ ರೋಗಿ, ಎರಡು ವಿವರ ಮಾತ್ರ ಬೇರೆ. ವಾಟ್ಸಾಪಿನಲ್ಲಿ ವಾಯ್ಸ್ ಕಳಿಸಲಿ, ತಿಂಗಳ ಹಿಂದಿನದನ್ನು ಅವರೇ ಕೇಳಿಕೊಳ್ಳಲಿ. ಮಾತಿನ ನಡುವೆ ತಡೆದು ತಿದ್ದುವುದು ಸಂಖ್ಯೆ, ಎಡ-ಬಲ, ಔಷಧದ ಪ್ರಮಾಣ, ‘ನಿಶ್ಟ್’ (ಅಲ್ಲ) ತಪ್ಪಿದಾಗ ಮಾತ್ರ. ಡೇರ್-ಡೀ ತಪ್ಪುಗಳನ್ನು ಗುರುತು ಹಾಕಿಟ್ಟು ಕೊನೆಗೆ ಹೇಳಿ.

ಪರೀಕ್ಷೆಗೆ ಸಂಬಂಧಿಸಿ ಒಂದು ಅಭ್ಯಾಸ ಬಿಡಿಸಬೇಕು. ಕ್ಲಾಸಿನಲ್ಲಿ ಆಡಿಯೊವನ್ನು ಅರ್ಥವಾಗುವವರೆಗೆ ಮತ್ತೆ ಮತ್ತೆ ಹಾಕುತ್ತೇವೆ. ಗೊಯೆಥೆ ಬಿ1ರ ಕೇಳುವ ಪರೀಕ್ಷೆಯಲ್ಲಿ ಮೊದಲ ಮತ್ತು ನಾಲ್ಕನೆಯ ಭಾಗ ಎರಡು ಸಲ ಕೇಳಿಸುತ್ತದೆ. ಎರಡು, ಮೂರನೆಯದು ಒಂದೇ ಸಲ. ಹಾಗಾಗಿ ಪರೀಕ್ಷೆಗೆ ಎರಡು ತಿಂಗಳಿರುವಾಗಲೇ ಒಂದು ಸಲಕ್ಕೆ ಇಳಿಸಿ. ಮೊದಲು ಪ್ರಶ್ನೆ ಓದಲಿ, ಆಮೇಲೆ ಕೇಳಲಿ, ಉತ್ತರ ಬರೆದಾದ ಮೇಲಷ್ಟೇ ಬರಹ ರೂಪ ಕೈಗೆ ಕೊಡಿ. ಓದು, ಕೇಳು, ಬರೆ, ಮಾತಾಡು ನಾಲ್ಕಕ್ಕೂ ಪ್ರತ್ಯೇಕವಾಗಿ 100ಕ್ಕೆ 60 ಬೇಕು. ಒಂದರಲ್ಲಿ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ಇದು ಗೊತ್ತಿಲ್ಲದೆ, ಕೇಳುವುದೊಂದರಲ್ಲಿ ಫೇಲಾಗಿ ಪೂರ್ತಿ ಬಿಟ್ಟುಬಿಡುವವರಿದ್ದಾರೆ.