ಆರು ಗಂಟೆ ನಿದ್ದೆ ಸಾಲದಾ? – ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ದಿನಾ ಆರು ಗಂಟೆ ಮಲಗ್ತೀನಿ, ಆರಾಮಾಗೇ ಇದ್ದೀನಿ. ಇನ್ನೆರಡು ಗಂಟೆ ಯಾಕೆ ದಂಡ ಮಾಡ್ಬೇಕು?" ನಿದ್ದೆಯ ಮಾತು ಬಂದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರು ಸೋಮಾರಿಗಳಲ್ಲ, ಕೆಲಸ ಮೈಮೇಲೆ ಬಿದ್ದಿರುವವರೇ. ದಿನಕ್ಕೆ ಎರಡು ಗಂಟೆ ಉಳಿಸಿದರೆ ವಾರಕ್ಕೆ ಹದಿನಾಲ್ಕು ಗಂಟೆ, ಹೆಚ್ಚುಕಡಿಮೆ ಎರಡು ದಿನದ ಆಫೀಸು ಕೆಲಸ ಲಾಭ ಅನ್ನುವುದು ಅವರ ಲೆಕ್ಕ.

ಉತ್ತರ: ಸಾಲದು. ಬಹುಪಾಲು ವಯಸ್ಕರಿಗೆ ಕಡಿಮೆಯೆಂದರೂ ಏಳು ಗಂಟೆ ಬೇಕು. ಅವರ ಕೂಡುವ ಲೆಕ್ಕ ಸರಿಯಾಗೇ ಇದೆ, ಖರ್ಚಿನ ಕಲಮು ಖಾಲಿ ಬಿಟ್ಟಿದ್ದಾರೆ ಅಷ್ಟೆ. ಅದರಲ್ಲೂ "ಆರಾಮಾಗಿದ್ದೀನಿ" ಅನ್ನುವ ಸಾಕ್ಷಿಯನ್ನು ನಾನು ನಂಬುವುದಿಲ್ಲ. ಅದಕ್ಕೆ ಕಾರಣವಿದೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹ್ಯಾನ್ಸ್ ವ್ಯಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಜೊತೆಗಾರರು 2003ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತ 48 ಜನರನ್ನು ಪ್ರಯೋಗಾಲಯದಲ್ಲೇ ಇಟ್ಟು, ಕೆಲವರಿಗೆ ರಾತ್ರಿಗೆ ಎಂಟು ಗಂಟೆ, ಕೆಲವರಿಗೆ ಆರು, ಕೆಲವರಿಗೆ ನಾಲ್ಕು ಗಂಟೆ ಮಾತ್ರ ಹಾಸಿಗೆ ಕೊಟ್ಟರು. ಹೀಗೆ ಹದಿನಾಲ್ಕು ದಿನ. ಇನ್ನೊಂದು ಗುಂಪಿಗೆ ಮೂರು ರಾತ್ರಿ ನಿದ್ದೆಯೇ ಇಲ್ಲ. ಎಚ್ಚರವಿದ್ದಾಗ ಪದೇಪದೇ ಒಂದು ಸಾದಾ ಪರೀಕ್ಷೆ: ಸಣ್ಣ ಪರದೆಯ ಮೇಲೆ ಅಂಕಿ ಮೂಡಿದ ತಕ್ಷಣ ಗುಂಡಿ ಒತ್ತಬೇಕು, ಹತ್ತು ನಿಮಿಷ. ಚೆನ್ನಾಗಿ ಮಲಗಿ ಎದ್ದವರು ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಒತ್ತುತ್ತಾರೆ. ಅರ್ಧ ಸೆಕೆಂಡ್ ದಾಟಿದರೆ ಗಮನ ತಪ್ಪಿತು ಎಂದು ಲೆಕ್ಕ.

ಆರು ಗಂಟೆಯವರ ತಪ್ಪುಗಳು ದಿನದಿಂದ ದಿನಕ್ಕೆ ಏರುತ್ತಲೇ ಹೋದವು. ಎರಡು ವಾರ ಮುಗಿಯುವ ಹೊತ್ತಿಗೆ ಅವರು ಒಂದಿಡೀ ರಾತ್ರಿ ಎಚ್ಚರವಿದ್ದವರ ಮಟ್ಟಕ್ಕೆ ಇಳಿದಿದ್ದರು. ನಾಲ್ಕು ಗಂಟೆಯವರು ಎರಡು ರಾತ್ರಿ ಮಲಗದವರ ಮಟ್ಟಕ್ಕೆ. ಆದರೆ "ಎಷ್ಟು ನಿದ್ದೆ ಬರ್ತಿದೆ?" ಎಂದು ಕೇಳಿದಾಗ ಅವರು ಕೊಟ್ಟ ಅಂಕ ಮೊದಲ ಕೆಲವು ದಿನ ಏರಿ ಆಮೇಲೆ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ತಲೆ ಮಂದವಾಗುತ್ತಲೇ ಇತ್ತು, ಅದು ಅವರ ಅರಿವಿಗೆ ಬರುವುದು ಮಾತ್ರ ನಿಂತಿತ್ತು. ಅಳೆಯುವ ಕೋಲೇ ಕುಗ್ಗಿದ್ದರೆ ಬಟ್ಟೆ ಸರಿಯಾಗಿಯೇ ಕಾಣುತ್ತದೆ.

ಇದು ಮೇಜಿನ ಮೇಲೆ ಹೇಗೆ ನಡೆಯುತ್ತದೆ ನೋಡಿ. ತಿಂಗಳಿಗೊಮ್ಮೆ ತೆರಿಗೆ ಲೆಕ್ಕ ಒಪ್ಪಿಸುವ ವ್ಯಾಪಾರಿಗಳಿಗೆ 20ನೇ ತಾರೀಖು ಜಿಎಸ್‌ಟಿ 3ಬಿ ರಿಟರ್ನ್‌ಗೆ ಕೊನೆಯ ದಿನ. 19ರ ರಾತ್ರಿ ಹನ್ನೆರಡೂವರೆಗೆ ಒಬ್ಬ ಅಂಗಡಿಯವರು ಖರೀದಿ ಬಿಲ್ಲುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ ಅಂದುಕೊಳ್ಳಿ. 4,650 ಇರುವುದನ್ನು 4,560 ಎಂದು ಒತ್ತುತ್ತಾರೆ. ಕಣ್ಣು ಅಂಕಿ ನೋಡಿದೆ, ಬೆರಳು ಒತ್ತಿದೆ, ನಡುವೆ "ಸರಿಯೇ?" ಎಂದು ತಿರುಗಿ ನೋಡುವ ಆ ಅರೆಕ್ಷಣ ಮಾತ್ರ ಜಾರಿದೆ. ಇಷ್ಟೇ ಆಗಿದ್ದರೆ ತೊಂದರೆಯಿಲ್ಲ. ವ್ಯತ್ಯಾಸ 90, ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಹಾಗಾದರೆ ಅಂಕಿ ಅದಲುಬದಲಾಗಿರಬಹುದು ಎಂದು ಹಳೆಯ ಲೆಕ್ಕಿಗರು ಥಟ್ಟನೆ ಹೇಳುತ್ತಾರೆ. ಹತ್ತು ನಿಮಿಷದ ಹುಡುಕಾಟ. ಆದರೆ ನಿದ್ದೆಗಣ್ಣಿನ ತಪ್ಪುಗಳು ಒಂಟಿಯಾಗಿ ಬರುವುದಿಲ್ಲ. ಅದೇ ರಾತ್ರಿ 1,180ರ ಒಂದು ಬಿಲ್ಲು ಕಟ್ಟಿನೊಳಗೇ ಉಳಿದುಹೋಗಿದೆ. ಬೆಳಗ್ಗೆ ಜಿಎಸ್‌ಟಿ ಪೋರ್ಟಲಿನ 2ಬಿ ಪಟ್ಟಿಯ (ಮಾರಿದವರು ತೋರಿಸಿದ ಬಿಲ್ಲುಗಳ ಪಟ್ಟಿ) ಜೊತೆ ಮೊತ್ತಕ್ಕೆ ಮೊತ್ತ ಇಟ್ಟು ನೋಡಿದರೆ 1,270 ಕಡಿಮೆ. ಒಂಬತ್ತರ ಉಪಾಯ ಇಲ್ಲಿ ನಡೆಯದು. 1,270 ರೂಪಾಯಿಯ ಬಿಲ್ಲು ಹುಡುಕಿದರೆ ಅಂಥದ್ದು ಇಲ್ಲವೇ ಇಲ್ಲ. ಒಂದೊಂದೇ ಬಿಲ್ಲು ಮೊದಲಿಂದ ತಾಳೆ ನೋಡಬೇಕು, ಅದೂ ಅದೇ ನಿದ್ದೆಗೆಟ್ಟ ತಲೆಯಲ್ಲಿ. ರಾತ್ರಿ ಉಳಿಸಿದ ಎರಡು ಗಂಟೆಗೆ ಬೆಳಗಿನ ಮೂರು ಗಂಟೆ ಹೋಯಿತು.

ಲೆಕ್ಕದ ಕೆಲಸ ಒಂದು ಉದಾಹರಣೆ ಮಾತ್ರ. ಸಾಮಾನ್ಯವಾಗಿ ರೂಢಿಯಾದ ಕೆಲಸ ನಿದ್ದೆಗೆಟ್ಟರೂ ಹೇಗೋ ನಡೆಯುತ್ತದೆ. ನಡುವೆ ಪರಿಸ್ಥಿತಿ ಬದಲಾದಾಗ ಯೋಜನೆ ಬದಲಿಸುವುದು, ಬರೆದದ್ದರಲ್ಲಿ ಸ್ವಂತ ತಪ್ಪು ಹಿಡಿಯುವುದು, ಸಿಟ್ಟು ನುಂಗುವುದು – ಇವು ಮೊದಲು ಕೈಕೊಡುತ್ತವೆ. ಕಷ್ಟದ ಕೆಲಸ ಪಕ್ಕಕ್ಕೆ ಸರಿದು ವಾಟ್ಸಾಪ್ ಉತ್ತರ, ಫೋಲ್ಡರ್ ಜೋಡಿಸುವುದು ಮುಂದಕ್ಕೆ ಬರುತ್ತದೆ. ದಿನವಿಡೀ ದುಡಿದಂತೆ ಅನ್ನಿಸುತ್ತದೆ, ಮುಖ್ಯ ಕಡತ ಮುಟ್ಟಿಯೇ ಇರುವುದಿಲ್ಲ.

ರಸ್ತೆಯಲ್ಲಿ ಇದೇ ವಿಷಯ ಇನ್ನೂ ಗಂಭೀರ. 1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ತೋರಿಸಿದಂತೆ, 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯ ಇದ್ದವರಷ್ಟು ಕುಂದಿರುತ್ತದೆ. ಅಂದರೆ 100 ಮಿಲಿಲೀಟರಿಗೆ 50 ಮಿಲಿಗ್ರಾಂ. ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಕಲಮು ಒಪ್ಪುವುದು 30 ಮಿಲಿಗ್ರಾಂ ವರೆಗೆ. ಶುಕ್ರವಾರ ಬೆಳಗ್ಗೆ ಆರಕ್ಕೆ ಎದ್ದು, ಆಫೀಸು ಮುಗಿಸಿ, ಟ್ರಾಫಿಕ್ ಕಮ್ಮಿ ಇರುತ್ತೆ ಅಂತ ರಾತ್ರಿ ಹತ್ತಕ್ಕೆ ಬೆಂಗಳೂರು ಬಿಟ್ಟವರು ಶಿರಾಡಿ ಘಾಟಿ ಇಳಿಯುವುದು ರಾತ್ರಿ ಎರಡು ಮೂರರ ಹೊತ್ತಿಗೆ, ಇಪ್ಪತ್ತನೇ ಗಂಟೆಯ ಎಚ್ಚರದಲ್ಲಿ. ಕಣ್ಣು ತೆರೆದೇ ಇದ್ದು ನಾಲ್ಕು ಸೆಕೆಂಡ್ ಮೆದುಳು ಮಲಗಿದರೆ, 80 ಕಿ.ಮೀ. ವೇಗದಲ್ಲಿ ಕಾರು 89 ಮೀಟರ್ ತನ್ನಷ್ಟಕ್ಕೆ ಹೋಗಿರುತ್ತದೆ. ಊದಿಸಿ ನೋಡುವ ಪೊಲೀಸರಿಗೂ ಇದು ಸಿಗುವುದಿಲ್ಲ.

"ಸರಿ, ಬೆಳಗ್ಗೆ ಬೇಗ ಎದ್ದರೆ?" ಅನ್ನುವುದು ಮುಂದಿನ ಪ್ರಶ್ನೆ. ಪಿಯುಸಿ ಮಕ್ಕಳ ತಂದೆತಾಯಿಯರದ್ದಂತೂ ಇದೇ. ನಾಲ್ಕಕ್ಕೆ ಎದ್ದು ಓದಿದ್ದು ಮರೆಯಲ್ಲ ಎಂಬ ನಂಬಿಕೆ ಮನೆಮನೆಯಲ್ಲಿದೆ. ನಿದ್ದೆ ಸುಮಾರು ತೊಂಬತ್ತು ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ, ಆದರೆ ಎಲ್ಲ ಸುತ್ತೂ ಒಂದೇ ಥರ ಇರುವುದಿಲ್ಲ. ಗಾಢ ನಿದ್ದೆ ಬಹುಪಾಲು ರಾತ್ರಿಯ ಮೊದಲ ಮೂರನೇ ಒಂದು ಭಾಗದಲ್ಲಿ ಮುಗಿದಿರುತ್ತದೆ. ಕನಸಿನ ನಿದ್ದೆ ಹೆಚ್ಚಾಗಿ ಬರುವುದು ಕೊನೆಯ ಭಾಗದಲ್ಲಿ. ಎಂಟು ಗಂಟೆಯಲ್ಲಿ ಬೆಳಗಿನ ಎರಡು ಗಂಟೆ ಕತ್ತರಿಸಿದರೆ ಹೋಗುವುದು ಕಾಲು ಭಾಗ ನಿದ್ದೆ, ಆದರೆ ಕನಸಿನ ನಿದ್ದೆಯಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಪಾಲು. ಹದಿಹರೆಯದವರಿಗೆ ಬೇಕಾದದ್ದು ಎಂಟರಿಂದ ಹತ್ತು ಗಂಟೆ, ಅವರ ದೇಹದ ಗಡಿಯಾರ ತಾನಾಗಿಯೇ ತಡಕ್ಕೆ ಸರಿದಿರುತ್ತದೆ. ನಾಲ್ಕಕ್ಕೆ ಏಳಬೇಕಾದರೆ ಎಂಟಕ್ಕೆ ಮಲಗಿರಬೇಕು. ಹಾಲ್‌ನಲ್ಲಿ ಹತ್ತೂವರೆವರೆಗೆ ಧಾರಾವಾಹಿ ಓಡುವ ಮನೆಯಲ್ಲಿ ಅದು ಆಗದ ಮಾತು. ಅಂಥ ಮಗು ಆರಕ್ಕೆ ಎದ್ದು ಒಂದೂವರೆ ಗಂಟೆ ಓದಿದರೆ ನಾಲ್ಕಕ್ಕೆ ಎದ್ದು ತೂಕಡಿಸಿದ್ದಕ್ಕಿಂತ ಹೆಚ್ಚು ತಲೆಗೆ ಹತ್ತುತ್ತದೆ.

ಇನ್ನು ಮಾಡುವುದು ಹೇಗೆ? ಮಲಗುವ ಹೊತ್ತಲ್ಲ, ಏಳುವ ಹೊತ್ತನ್ನು ಮೊದಲು ಗಟ್ಟಿ ಮಾಡಿ. ಏಳೂ ದಿನ ಎದ್ದೇಳಲು ಆಗುವ ಒಂದು ಹೊತ್ತು, ಉದಾಹರಣೆಗೆ 6:15. ಅಲ್ಲಿಂದ ಎಂಟು ಗಂಟೆ ಹಿಂದಕ್ಕೆ ಎಣಿಸಿದರೆ 10:15ಕ್ಕೆ ದೀಪ ಆರಬೇಕು. ಏಳು ಗಂಟೆ ಸಾಕು ಅಂತ ಹೇಳಿ ಎಂಟು ಯಾಕೆ ಅಂದರೆ, ಹಾಸಿಗೆಯಲ್ಲಿದ್ದ ಹೊತ್ತೆಲ್ಲ ನಿದ್ದೆಯಲ್ಲ. ನಿದ್ದೆ ಹತ್ತಲು ಹದಿನೈದು ನಿಮಿಷ, ನಡುವಿನ ಸಣ್ಣ ಎಚ್ಚರಗಳು ಸೇರಿ ಆರೋಗ್ಯವಂತರಿಗೂ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ. "ಏಳು ಗಂಟೆ ಮಲಗ್ತೀನಿ" ಅನ್ನುವವರ ನಿಜವಾದ ನಿದ್ದೆ ಬಹಳ ಸಲ ಆರು ಚಿಲ್ಲರೆ.

ಈಗ 12:15ಕ್ಕೆ ಮಲಗುವವರು ಇವತ್ತೇ 10:15ಕ್ಕೆ ಮಲಗಲು ಹೋಗಬೇಡಿ. ಬಹಳ ಜನ ಇಲ್ಲೇ ಎಡವಿ "ನಂಗೆ ಬೇಗ ನಿದ್ದೆ ಬರಲ್ಲ" ಎಂದು ಕೈಬಿಡುತ್ತಾರೆ. ಮಾಮೂಲಿ ಮಲಗುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚಿನ ಸಮಯವೇ ದೇಹ ಅತಿ ಎಚ್ಚರವಾಗಿರುವ ಹೊತ್ತು. ಮೂರು ನಾಲ್ಕು ದಿನಕ್ಕೊಮ್ಮೆ ಹದಿನೈದು ನಿಮಿಷ ಹಿಂದಕ್ಕೆ ತನ್ನಿ. ಎರಡು ಗಂಟೆ ಸರಿಯಲು ಒಂದು ತಿಂಗಳು ಹಿಡಿಯುತ್ತದೆ. ಗಡಿಯಾರ ಸರಿಸುವುದು ಬೆಳಗಿನ ಬೆಳಕು. ಎದ್ದ ಒಂದು ಗಂಟೆಯೊಳಗೆ ಇಪ್ಪತ್ತು ಮೂವತ್ತು ನಿಮಿಷ ಹೊರಗಿರಿ, ಹಾಲು ತರಲು ನಡೆದು ಹೋದರೂ ಆಯಿತು. ಟ್ಯೂಬ್‌ಲೈಟಿನ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಬೆಳಕಿದ್ದರೆ ಹೆಚ್ಚು, ಮೋಡ ಮುಸುಕಿದ ಬೆಳಗಿನಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಭಾನುವಾರ ಒಂದು ಗಂಟೆ ತಡವಾಗಿ ಎದ್ದರೆ ನಡೆಯುತ್ತದೆ. ಒಂಬತ್ತೂವರೆವರೆಗೆ ಮಲಗಿದರೆ ಆ ರಾತ್ರಿ ನಿದ್ದೆ ತಡ, ಸೋಮವಾರ ಮತ್ತೆ ಕೊರತೆ.

ನಿಮಗೆ ಎಷ್ಟು ಬೇಕು ಎಂಬುದು ಎರಡು ವಾರದ ಮೇಲೆ ಗೊತ್ತಾಗುತ್ತದೆ. ಅಲಾರಾಂಗೆ ಮುಂಚೆಯೋ ಅದರ ಜೊತೆಗೋ ಎಚ್ಚರವಾಗಬೇಕು, ಬೆಳಗ್ಗೆ ಹನ್ನೊಂದಕ್ಕೆ ಆಕಳಿಕೆ ಇರಬಾರದು. "ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ" ಅನ್ನುತ್ತೇವೆ. ನಿದ್ದೆಯ ವೈದ್ಯರು ಒಪ್ಪಲಿಕ್ಕಿಲ್ಲ. ಹಗಲಲ್ಲಿ ಕತ್ತಲ ಕೋಣೆಯಲ್ಲಿ ಮಲಗಿಸಿ ಎಷ್ಟು ನಿಮಿಷಕ್ಕೆ ನಿದ್ದೆ ಹತ್ತುತ್ತದೆ ಎಂದು ಅಳೆಯುವ ಪರೀಕ್ಷೆಯಿದೆ. ಐದು ನಿಮಿಷದೊಳಗೆ ಹತ್ತಿದರೆ ತೀವ್ರ ಕೊರತೆ ಅಥವಾ ಕಾಯಿಲೆಯ ಗುರುತು. ಬಸ್ಸಿನ ಸೀಟು ಸಿಕ್ಕಿದ ಕೂಡಲೇ ನಿದ್ದೆ ಹೋಗುವುದು ಹೆಮ್ಮೆಯ ವಿಷಯವಲ್ಲ. ನಾಲ್ಕೈದು ಗಂಟೆಯಲ್ಲೇ ನಿಜವಾಗಿ ಸಾಕಾಗುವ ಜನ ಇದ್ದಾರೆ, ಕೆಲವರಲ್ಲಿ ಅದಕ್ಕೆ ಜೀನ್ ಬದಲಾವಣೆಯೂ ಸಿಕ್ಕಿದೆ. ಆದರೆ ಅವರು ಬಲು ಅಪರೂಪ, ರಜಾದಿನದಲ್ಲೂ ಅಷ್ಟೇ ಮಲಗುತ್ತಾರೆ. ನೀವು ರಜೆಯಲ್ಲಿ ಎರಡು ಗಂಟೆ ಜಾಸ್ತಿ ಮಲಗುತ್ತೀರಾದರೆ ಆ ಗುಂಪಿನವರಲ್ಲ.

ಕಾಫಿ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ಹೇಳಿದರೆ ಕೇಳುವವರೂ ಇಲ್ಲ. ಹೊತ್ತು ಮಾತ್ರ ನೋಡಿ. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಶೇಖರವಾಗಿ ನಿದ್ದೆ ತರುತ್ತದೆ. ಕೆಫೀನ್ ಅದರ ಜಾಗದಲ್ಲಿ ಕೂತು ತಡೆಯುತ್ತದೆ, ಅಡಿನೋಸಿನ್ ಅನ್ನು ಕರಗಿಸುವುದಿಲ್ಲ. ಕುಡಿದದ್ದರಲ್ಲಿ ಅರ್ಧ ಕೆಫೀನ್ ಹೋಗಲು ಸರಾಸರಿ ಐದಾರು ಗಂಟೆ ಬೇಕು. ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರ ನಿದ್ದೆ ಒಂದು ಗಂಟೆಗಿಂತ ಹೆಚ್ಚು ಕಡಿಮೆಯಾಗಿದ್ದು 2013ರ ಒಂದು ಪ್ರಯೋಗದಲ್ಲಿ ಕಂಡಿದೆ. ಅದು ದೊಡ್ಡ ಪ್ರಮಾಣವೇ, ಒಂದು ಲೋಟ ಫಿಲ್ಟರ್ ಕಾಫಿಯಲ್ಲಿ ಅಷ್ಟಿರುವುದಿಲ್ಲ. ಆದರೂ 10:15ಕ್ಕೆ ಮಲಗುವವರು ಕೊನೆಯ ಲೋಟ ಮಧ್ಯಾಹ್ನ ಎರಡು ಗಂಟೆಯೊಳಗೆ ಮುಗಿಸಿದರೆ ಒಳ್ಳೆಯದು. ಸಂಜೆಯದ್ದು ಬಿಡಲಾಗದಿದ್ದರೆ ಚಿಕೋರಿ ಹೆಚ್ಚಿರುವ ಪುಡಿ ತನ್ನಿ, ಚಿಕೋರಿಯಲ್ಲಿ ಕೆಫೀನ್ ಇಲ್ಲ.

ಮಧ್ಯಾಹ್ನದ ಮಂಪರಿಗೆ ಮುದ್ದೆಯೊಂದನ್ನೇ ದೂರಬೇಡಿ, ಊಟ ಬಿಟ್ಟರೂ ಒಂದರಿಂದ ಮೂರರ ನಡುವೆ ದೇಹದ ಎಚ್ಚರ ತುಸು ಇಳಿಯುತ್ತದೆ. ಆಗ ಇಪ್ಪತ್ತು ನಿಮಿಷ ಒರಗುವುದು ಒಳ್ಳೆಯದೇ. ನಾಸಾ ನಡೆಸಿದ ಅಧ್ಯಯನದಲ್ಲಿ ದೂರದ ವಿಮಾನಗಳ ಪೈಲಟ್‌ಗಳಿಗೆ ಸರದಿಯ ಮೇಲೆ ನಲವತ್ತು ನಿಮಿಷ ಬಿಡುವು ಕೊಟ್ಟರು. ಸರಾಸರಿ 26 ನಿಮಿಷ ಮಲಗಿದ ಅವರ ಕೆಲಸ ಶೇ. 34ರಷ್ಟು ಸುಧಾರಿಸಿತ್ತು. ಅಲಾರಾಂ ಇಟ್ಟೇ ಮಲಗಿ. ಮುಕ್ಕಾಲು ಗಂಟೆ ದಾಟಿದರೆ ಗಾಢ ನಿದ್ದೆಯಿಂದ ಎದ್ದು ಅರ್ಧ ಗಂಟೆ ತಲೆ ಭಾರ. ಮೂರರ ಮೇಲೆ ಮಲಗಿದರೆ ರಾತ್ರಿಯ ನಿದ್ದೆಗೆ ಕುತ್ತು.

ರಾತ್ರಿ ಪಾಳಿಯವರಿಗೆ ಈ ಹೊತ್ತುಗಳು ಅನ್ವಯಿಸುವುದಿಲ್ಲ. ಹಗಲಲ್ಲಿ ಒಂದೇ ಬಾರಿಗೆ ಏಳು ಗಂಟೆ ಬರುವುದು ಕಷ್ಟ, ಮೈಯ ಕಾವು ಏರುತ್ತಾ ಎಬ್ಬಿಸಿಬಿಡುತ್ತದೆ. ಮನೆಗೆ ಬಂದು ಐದು ಗಂಟೆ, ಪಾಳಿಗೆ ಹೋಗುವ ಮುಂಚೆ ಒಂದೂವರೆ ಗಂಟೆ ಎಂದು ಒಡೆದುಕೊಳ್ಳಿ; ಕಿಟಕಿಗೆ ದಪ್ಪ ಪರದೆ, ಕಾಫಿ ಪಾಳಿಯ ಮೊದಲರ್ಧದಲ್ಲಿ ಮಾತ್ರ.

ಎಂಟು ಗಂಟೆ ಮಲಗಿಯೂ ಹಗಲೆಲ್ಲ ತೂಕಡಿಕೆ ಇದ್ದರೆ ಗಂಟೆ ಎಣಿಸಿ ಪ್ರಯೋಜನವಿಲ್ಲ. ಜೋರು ಗೊರಕೆ, ನಡುವೆ ಉಸಿರು ನಿಂತು ಏದುಸಿರಿನಲ್ಲಿ ಏಳುವುದು, ಬೆಳಗ್ಗೆ ಒಣಬಾಯಿ, ತಲೆನೋವು – ಇವಿದ್ದರೆ ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶ ತಜ್ಞರನ್ನು ಕಂಡು ನಿದ್ದೆ ಪರೀಕ್ಷೆ ಮಾಡಿಸಿ. ಕನಿಷ್ಠ ಹತ್ತು ಸೆಕೆಂಡ್ ಉಸಿರು ನಿಲ್ಲುವುದು ಅಥವಾ ತೀರಾ ಕುಗ್ಗುವುದು ಗಂಟೆಗೆ ಎಷ್ಟು ಸಲ ಎಂದು ಅಲ್ಲಿ ಎಣಿಸುತ್ತಾರೆ. ಐದರಿಂದ ಕಾಯಿಲೆ ಶುರು, ಮೂವತ್ತು ದಾಟಿದರೆ ತೀವ್ರ. ಗೊರಕೆಯನ್ನು ಗಾಢ ನಿದ್ದೆಯ ಲಕ್ಷಣ ಅಂದುಕೊಂಡು ನಗುವ ಮನೆಗಳಲ್ಲಿ ಇದು ವರ್ಷಗಟ್ಟಲೆ ಪತ್ತೆಯಾಗುವುದಿಲ್ಲ. ಇನ್ನು ನಿದ್ದೆಯೇ ಬಾರದವರು ಅಂದಾಜು ಇಪ್ಪತ್ತು ನಿಮಿಷದ ಮೇಲೆ ಹೊರಳಾಡಬೇಡಿ. ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ಮರಳಿ ಬನ್ನಿ. ಗಡಿಯಾರ ನೋಡಬೇಡಿ.

ಕೆಲವು ರಾತ್ರಿ ಏನು ಮಾಡಿದರೂ ಕೆಡುತ್ತವೆ. ಮಗುವಿಗೆ ಜ್ವರ, ಊರಿಂದ ಬಸ್ಸು, ಪಕ್ಕದ ಛತ್ರದಲ್ಲಿ ಡಿಜೆ. ಮರುದಿನದ ಕೆಲಸದ ಸರದಿ ಬದಲಿಸಿಕೊಳ್ಳಿ. ತಲೆ ಬೇಡುವ ಒಂದೇ ಒಂದು ಕೆಲಸವನ್ನು ಹತ್ತರಿಂದ ಹನ್ನೆರಡರೊಳಗೆ ಮುಗಿಸಿ, ಮಧ್ಯಾಹ್ನಕ್ಕೆ ಫೈಲಿಂಗು, ಫೋನು ಇಟ್ಟುಕೊಳ್ಳಿ. ದೊಡ್ಡ ಮೊತ್ತ ಕಳಿಸುವುದಿದ್ದರೆ ಖಾತೆ ಸಂಖ್ಯೆಯನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ. ಸಿಟ್ಟಿನಲ್ಲಿ ಬರೆದ ಮೇಲ್ ನಾಳೆವರೆಗೆ ಡ್ರಾಫ್ಟಿನಲ್ಲೇ ಇರಲಿ. ಸಂಜೆ ಗಾಡಿ ಬಿಟ್ಟು ಬಸ್ಸೋ ಮೆಟ್ರೋ ಹಿಡಿಯಿರಿ. ರಾತ್ರಿ ಏಳಕ್ಕೇ ಮಲಗಬೇಡಿ, ಮಾಮೂಲಿಗಿಂತ ಒಂದು ಗಂಟೆ ಬೇಗ ಸಾಕು. ಬೆಳಗ್ಗೆ ಅದೇ 6:15ಕ್ಕೆ ಏಳಿ.