ಹಸಿರು ಬೈಂದು, ಬೆಟ್ಟ ಬೈಂದಿಲ್ಲೆ

ಭಾವನ ಮಗ ಇರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. 2024ರ ಸೆಪ್ಟೆಂಬರ್ ಕೊನೆಗೆ ಅಲ್ಲಿಗೆ ಹೆಲೀನ್ ಚಂಡಮಾರುತ ಬಂತಲ್ಲ, ಆಗ ಒಂದಿಷ್ಟು ಫೋಟೋ ಕಳಿಸಿದ್ದ. ಸಮುದ್ರದಿಂದ ಎಷ್ಟೋ ದೂರದ ಗುಡ್ಡಗಳು. ಆದರೂ ಬಾಚಣಿಗೆಯಲ್ಲಿ ಬಾಚಿದ ಹಾಗೆ ಮರಗಳೆಲ್ಲ ಒಂದೇ ದಿಕ್ಕಿಗೆ ಮಲಗಿದ್ದವು. ನಡುನಡುವೆ ಮಣ್ಣಿನ ಉದ್ದುದ್ದ ಗೀರು, ಗುಡ್ಡ ಜಾರಿದ ಜಾಗ. ವರ್ಷ ಕಳೆದ ಮೇಲೆ ಅದೇ ಗುಡ್ಡದ ಇನ್ನೊಂದು ಫೋಟೋ ಬಂತು. ಕೆಳಗೆ ಒಂದೇ ಸಾಲು: "ಅಪ್ಪಾ, ಎಲ್ಲಾ ಹಸಿರಾತು."

ಭಾವ ಕನ್ನಡಕ ಏರಿಸಿ, ಫೋಟೋ ದೊಡ್ಡದು ಮಾಡಿ ನೋಡಿದರು. ಏನೂ ಹೇಳಲಿಲ್ಲ. ಕವಳ ಹಾಕಿ ಮುಗಿದ ಮೇಲೆ ಅಂದರು: "ಭಾವಾ, ನಾಳೆ ಕಳಚೆಗೆ ಹೋಗಿ ಬಪ್ಪನ." (ನಮ್ಮಲ್ಲಿ ಅವರೂ ಭಾವ, ನಾನೂ ಭಾವ. ಹೊರಗಿನವರಿಗೆ ಗೊಂದಲ ಆಗುತ್ತದೆ, ನಮಗೆ ಆಗುವುದಿಲ್ಲ.) ಕಳಚೆ ಅಂದರೆ ಯಲ್ಲಾಪುರದ ಕಡೆ, 2021ರ ಮಳೆಗೆ ಬೆಟ್ಟ ಜಾರಿದ ಊರು.

ನವೆಂಬರ್ ತಿಂಗಳು. ಶಿರಸಿಯಲ್ಲಿ ಬೆಳಗ್ಗೆ ಇಬ್ಬನಿ. ಅಡಿಕೆ ಕೊನೆ ಕೊಯ್ಲು ಶುರುವಾಗುವ ಹೊತ್ತು. ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಇವತ್ತು ಬರುತ್ತಾನೋ ನಾಳೆಯೋ ಎಂಬ ಚಿಂತೆ ಬಿಟ್ಟು ಭಾವ ಹೊರಟದ್ದೇ ದೊಡ್ಡದು.

ಮೊದಲು ಮಂಚೀಕೇರಿ ಹತ್ತಿರ ಅವರದೇ ಸೊಪ್ಪಿನ ಬೆಟ್ಟಕ್ಕೆ ಹೋದೆವು. ಎಕರೆ ತೋಟಕ್ಕೆ 9 ಎಕರೆ ಬೆಟ್ಟ ಎನ್ನುವುದು ನಮ್ಮ ಕಡೆ ಹಳೇ ಲೆಕ್ಕ. ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ಎಲ್ಲ ಅಲ್ಲಿಂದಲೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತು. ಕಡಲತೀರದಲ್ಲಿ ಅದರ ಹೊಡೆತ ಜಾಸ್ತಿ. ಘಟ್ಟದ ಮೇಲೆ ಗಾಳಿಯ ಬಾಲವಷ್ಟೇ ತಾಗಿದ್ದು. ಆ ಬಾಲಕ್ಕೇ ಭಾವನ ಬೆಟ್ಟದಲ್ಲಿ ಏಳೆಂಟು ಮರ ಉರುಳಿದ್ದವು.

ಒಂದು ದೊಡ್ಡ ಮತ್ತಿ ಮರ ಬುಡ ಸಮೇತ ಎದ್ದು ಬಿದ್ದಿತ್ತು. ಬೇರು ಕಿತ್ತ ಜಾಗದಲ್ಲಿ ಹೊಂಡ. ಬೇರಿಗೆ ಅಂಟಿ ಮೇಲೆದ್ದ ಮಣ್ಣು ಈಗ ಕರಗಿ ಪಕ್ಕದಲ್ಲೇ ದಿಬ್ಬ ಆಗಿದೆ. ಹೊಂಡದಲ್ಲಿ ಕೊಳೆತ ಎಲೆ, ಇನ್ನೂ ತೇವ. ದಿಬ್ಬದ ಮೇಲೆ ಎಷ್ಟು ಸಸಿ ಅಂತ ಎಣಿಸಲು ಕೂತೆ. ಮೂವತ್ತು ದಾಟುವಾಗ ಕಾಲಿಗೆ ಉಂಬಳ ಹತ್ತಿತು, ಎಣಿಕೆ ತಪ್ಪಿತು. ಮುರುಗಲು ಇತ್ತು, ಹೊನ್ನೆ ಇತ್ತು, ಹೆಸರು ಗೊತ್ತಿಲ್ಲದ್ದು ಬೇಕಾದಷ್ಟು. ಇನ್ನೊಂದು ಮತ್ತಿ ಸೊಂಟದ ಹತ್ತಿರ ಮುರಿದಿತ್ತು. ಅದು ಸತ್ತೇ ಇರಲಿಲ್ಲ. ಮುರಿದ ಜಾಗದ ಕೆಳಗಿಂದ ಕೈ ದಪ್ಪದ ನಾಲ್ಕು ಚಿಗುರು ನೆಟ್ಟಗೆ ಎದ್ದಿದ್ದವು.

ಚಂಡಮಾರುತ ಪದೇ ಪದೇ ಬರುವ ಕಡೆ ಕಾಡು ಹೀಗೇ ಎದ್ದು ಬರುತ್ತದಂತೆ. ಕೆರಿಬಿಯನ್ ಕಡಲಿನ ಪೋರ್ಟೊ ರಿಕೊ ದ್ವೀಪದಲ್ಲಿ ಎಲ್ ಯುಂಕೆ ಎಂಬ ಮಳೆಕಾಡಿನ ಬೆಟ್ಟ ಇದೆ. 1989ರಲ್ಲಿ ಹ್ಯೂಗೋ, 2017ರ ಸೆಪ್ಟೆಂಬರ್ 20ಕ್ಕೆ ಮರಿಯಾ. ಮರಿಯಾ ಬಂದಾಗ ಗಾಳಿಯ ವೇಗ ಗಂಟೆಗೆ 250 ಕಿಲೋಮೀಟರ್. ಒಂದೇ ದಿನದಲ್ಲಿ ಹಸಿರು ಬೆಟ್ಟ ಕಂದು ಬಣ್ಣಕ್ಕೆ ತಿರುಗಿತು. ಆದರೆ ಎಲೆ ಹೋದ ಮರಗಳಲ್ಲಿ ಸುಮಾರಷ್ಟು ಕೆಲವೇ ತಿಂಗಳಲ್ಲಿ ಚಿಗುರಿದವು. ಅಲ್ಲಿ ಟಬೊನುಕೊ ಅಂತ ಒಂದು ಮರ. ನಮ್ಮ ಧೂಪದ ಮರದ ಕುಟುಂಬದ್ದೇ, ಅದರ ರಾಳವನ್ನೂ ಧೂಪಕ್ಕೆ ಬಳಸುತ್ತಾರೆ. ಅಕ್ಕಪಕ್ಕದ ಟಬೊನುಕೊಗಳು ನೆಲದೊಳಗೆ ಬೇರಿಗೆ ಬೇರು ಬೆಸೆದುಕೊಂಡಿರುತ್ತವೆ. ಗಾಳಿಗೆ ಒಂದನ್ನು ಕೀಳಬೇಕಾದರೆ ಗುಂಪನ್ನೇ ಕೀಳಬೇಕು.

ಇದನ್ನೆಲ್ಲ ಹೇಳಿದರೆ ಭಾವ ಸುಮ್ನೆ ಕೇಳಿಸಿಕೊಂಡರು. ಅವರ ಕಿವಿ ನೆಟ್ಟಗಾದದ್ದು ಎಲೆಯ ವಿಷಯ ಬಂದಾಗ. ಮಾಮೂಲಿ ಎಲೆ ಹಣ್ಣಾಗಿ ಉದುರುವ ಮೊದಲು ಅದರಲ್ಲಿರುವ ಸತ್ವವನ್ನು ಮರ ವಾಪಸ್ ಎಳೆದುಕೊಳ್ಳುತ್ತದೆ. ಚಂಡಮಾರುತ ಅದಕ್ಕೆ ಪುರುಸೊತ್ತು ಕೊಡುವುದಿಲ್ಲ. ಹಸಿ ಎಲೆಯನ್ನೇ ಕಿತ್ತು ನೆಲಕ್ಕೆ ಹಾಸುತ್ತದೆ. ಸಾರಜನಕ, ರಂಜಕ ಎಲ್ಲ ಅದರಲ್ಲೇ ಉಳಿದಿರುತ್ತದೆ.

"ಅಂದ್ರೆ ದರಕಲ್ಲ, ಹಸಿ ಸೊಪ್ಪು!" ಅಂದರು ಭಾವ. ಕೊಟ್ಟಿಗೆಗೆ ಸೊಪ್ಪು ಹಾಕಿ ಗೊಬ್ಬರ ಮಾಡಿದವರಿಗೆ ಇದನ್ನು ಬಿಡಿಸಿ ಹೇಳುವುದೇ ಬೇಡ ನೋಡಿ. ಒಂದು ಕಲ್ಲಿ ಹಸಿ ಸೊಪ್ಪಿಗೂ ಒಂದು ಕಲ್ಲಿ ದರಕಿಗೂ ಇರುವ ವ್ಯತ್ಯಾಸ ಅವರ ಕೈಗೇ ಗೊತ್ತು.

ಅಲ್ಲಿಂದ ಯಲ್ಲಾಪುರ. ಚಾ ಕುಡಿದು ಅಂಕೋಲಾ ರಸ್ತೆ ಹಿಡಿದೆವು. ಇಡಗುಂದಿಯಲ್ಲಿ ತಿರುಗಿ ವಜ್ರಳ್ಳಿ ಮೇಲೆ ಕಳಚೆ. ದಾರಿಯ ಬಗ್ಗೆ ಹೇಳುವಂಥದ್ದು ಏನಿಲ್ಲ. ಹೊಂಡ ತಪ್ಪಿಸುವುದರಲ್ಲೇ ಗಮನ ಹೋಯಿತು.

ಕಳಚೆಯಲ್ಲಿ ಆದದ್ದು ಗಾಳಿಯ ಕೆಲಸ ಅಲ್ಲ, ಮಳೆಯದ್ದು. 2021ರ ಜುಲೈ 22, 23ರ ಹೊತ್ತಿಗೆ ಸುರಿದ ಮಳೆಗೆ ಬೆಟ್ಟವೇ ಜಾರಿ ತೋಟಗಳ ಮೇಲೆ ಬಂತು. ಅದೇ ಮಳೆಗೆ ಅರಬೈಲ್ ಘಟ್ಟದ ರಸ್ತೆಯೂ ಕುಸಿಯಿತು, ಗುಳ್ಳಾಪುರದ ಸೇತುವೆ ಕೊಚ್ಚಿ ಹೋಯಿತು. ನಮ್ಮ ಘಟ್ಟದಲ್ಲಿ ಹಲವು ಕಡೆ ಮೇಲೆ ಜಂಬಿಟ್ಟಿಗೆ ಎಂಬ ಕೆಂಪು ಕಲ್ಲು, ಕೆಳಗೆ ಶೇಡಿ ಎಂಬ ಮಾಸಲು ಬಿಳಿ ಜೇಡಿ ಮಣ್ಣು. ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದ ನೀರು ಶೇಡಿ ಮುಟ್ಟಿ ನಿಲ್ಲುತ್ತದೆ. ಶೇಡಿ ನೆನೆದರೆ ಬೆಣ್ಣೆ. ಅದರ ಮೇಲೆ ಕೂತದ್ದು ಮರವಾಗಲಿ, ತೋಟವಾಗಲಿ, ಮನೆಯಾಗಲಿ, ಜಾರಲೇಬೇಕು.

ಭಾವನ ಪರಿಚಯದ ಹಿರಿಯರೊಬ್ಬರ ಮನೆಗೆ ಹೋದೆವು. ಕಷಾಯ ಬಂತು. ಅವರ ತೋಟದಲ್ಲಿ ಅರ್ಧಕ್ಕಿಂತ ಜಾಸ್ತಿ ಆ ರಾತ್ರಿ ಹೋಗಿತ್ತು. ಮಾತಾಡುತ್ತಲೇ ಕತ್ತಿ ಹಿಡಿದು ಮುಂದೆ ನಡೆದರು, ನಾವು ಹಿಂದೆ.

ದೂರದಿಂದ ನೋಡಿದರೆ ಎಲ್ಲ ಹಸಿರೇ. ಇಲ್ಲಿ ಏನಾಗಿತ್ತು ಅಂತ ಯಾರಾದರೂ ಕೇಳಬಹುದು, ಅಷ್ಟು ಹಸಿರು. ಹತ್ತಿರ ಹೋದಾಗ ಅದು ಮೂರು ಬಗೆಯ ಹಸಿರು ಅಂತ ಗೊತ್ತಾಯಿತು. ಬುಡದಲ್ಲಿ, ಮಣ್ಣು ಬಂದು ರಾಶಿ ಬಿದ್ದ ಕಡೆ, ಪೊದೆ ದಟ್ಟ. ಬಂದದ್ದು ಮೇಲಿನ ಫಲವತ್ತು ಮಣ್ಣು, ಜೊತೆಗೆ ಕೊಳೆತ ಮರಗಳು. ಅಲ್ಲಿ ಚಂದಕಲು ಮರ ನನ್ನ ಎರಡರಷ್ಟು ಎತ್ತರ. ನಡುವೆ ಬರೀ ಯುಪಟೋರಿಯಂ, ನಮ್ಮ ಕಡೆ ಕಮ್ಯುನಿಸ್ಟ್ ಗಿಡ ಅಂತಲೂ ಹೇಳುತ್ತಾರಲ್ಲ, ಅದೇ. ಮೇಲೆ, ಬೆಟ್ಟ ಹರಿದುಕೊಂಡ ಜಾಗದಲ್ಲಿ, ಒಂಚೂರು ಹುಲ್ಲು, ಜರಿಗಿಡ, ಪಾಚಿ. ಅದರ ಕೆಳಗೆ ಶೇಡಿಯ ಮಾಸಲು ಬಿಳಿ. ನಾಲ್ಕು ಮಳೆಗಾಲ ಕಳೆದರೂ ಅಲ್ಲಿ ನನ್ನ ಮೊಣಕಾಲು ದಾಟಿದ ಒಂದು ಗಿಡ ಕಾಣಲಿಲ್ಲ.

ಚಂದಕಲು ಎಲೆಯೊಂದನ್ನು ಕಿತ್ತೆ. ಊಟಕ್ಕೆ ಕೂರಬಹುದು, ಅಷ್ಟು ಅಗಲ. ತೊಟ್ಟು ಎಲೆಯ ಅಂಚಿಗೆ ಅಂಟಿರುವುದಿಲ್ಲ, ಎಲೆಯ ಒಳಗೆ ಬಂದು ಕೂಡುತ್ತದೆ, ಗುರಾಣಿಗೆ ಹಿಡಿ ಇದ್ದ ಹಾಗೆ. ಆ ಜಾಗದಿಂದ ನರಗಳು ಸುತ್ತಲೂ ಹರಡುತ್ತವೆ. ಎಲೆಯ ಮೇಲೆ ಇರುವೆಗಳ ಓಡಾಟ, ಗಿಡವೇ ಅವಕ್ಕೆ ಸಿಹಿ ಒಸರಿ ಕೊಡುತ್ತದೆ. ಬಿಸಿಲು ಬಿದ್ದ ಬೋಳು ಜಾಗಕ್ಕೆ ಮೊದಲು ಓಡಿ ಬರುವ ಗಿಡ ಇದು. ಪೋರ್ಟೊ ರಿಕೊದಲ್ಲಿ ಈ ಕೆಲಸ ಸೆಕ್ರೋಪಿಯಾ ಮಾಡುತ್ತದೆ. ಅದಕ್ಕೂ ಛತ್ರಿಯಂಥ ಎಲೆ, ಅದಕ್ಕೂ ಅವಸರ. ಬೇಗ ಬೆಳೆಯುತ್ತವೆ, ಬೇಗ ಸಾಯುತ್ತವೆ. ಅಷ್ಟರಲ್ಲಿ ಅವುಗಳ ನೆರಳಲ್ಲಿ ನಿಧಾನದ ಮರಗಳು ಬಂದು ಕೂರಬೇಕು. ಬಂದರೆ.

ಬರುವುದು ಹಕ್ಕಿಯ ಕೈಯಲ್ಲಿದೆ. ಚಂದಕಲಿನ ಸಣ್ಣ ಕಾಯಿಯನ್ನು ಪಿಕಳಾರವೂ ತಿಂದು ಹಾಕಬಲ್ಲದು. ರಾಮಪತ್ರೆ, ಧೂಪದಂಥ ದಪ್ಪ ಬೀಜ ತರಲು ಮಂಗಟ್ಟೆಯಂಥ ದೊಡ್ಡ ಹಕ್ಕಿಯೇ ಬೇಕು. ಅದು ಸುಮ್ನೆ ಬಯಲಲ್ಲಿ ಇಳಿಯುವುದಿಲ್ಲ, ಕೂರಲು ಎತ್ತರದ ಕೊಂಬೆ ಬೇಕು. ಮೇಲಿನ ಗಾಯದ ನಟ್ಟನಡುವೆ ಒಂದು ಬೈನೆ ಮರ ಮಾತ್ರ ಹೇಗೋ ಉಳಿದು ನಿಂತಿತ್ತು. ಅದರ ಬುಡದಲ್ಲಿ ಕಬ್ಬೆಕ್ಕಿನ ಹಿಕ್ಕೆ, ಹಿಕ್ಕೆ ತುಂಬ ಬೈನೆ ಬೀಜ. ಒಂದೆರಡು ಮೊಳಕೆ ಒಡೆದಿದ್ದವು. ಆ ಇಡೀ ಇಳಿಜಾರಿನಲ್ಲಿ ನನಗೆ ನಂಬಿಕೆ ಹುಟ್ಟಿಸಿದ್ದು ಅದೊಂದೇ.

"ಮೂರ್ನಾಲ್ಕು ವರ್ಷಕ್ಕೆ ಎಲ್ಲ ಚಿಗುರಿದೆಯಲ್ಲ ಮಾವ" ಅಂದೆ, ಏನಾದರೂ ಹೇಳಬೇಕಲ್ಲ ಅಂತ.

ಹಿರಿಯರು ಕತ್ತಿಯ ತುದಿಯಲ್ಲಿ ಯುಪಟೋರಿಯಂ ಬುಡ ಕೆರೆದು ತೋರಿಸಿದರು. ಎರಡು ಬೆರಳು ಕಪ್ಪು ಮಣ್ಣು, ಕೆಳಗೆ ಶೇಡಿ.

"ಹಸಿರು ಬೈಂದು ತಮಾ. ಬೆಟ್ಟ ಬೈಂದಿಲ್ಲೆ." ಹಸಿರು ಬಂದಿದೆ, ಬೆಟ್ಟ ಬಂದಿಲ್ಲ ಅಂತ.

ಮಂಚೀಕೇರಿಯಲ್ಲಿ ಮರ ಹೋಗಿತ್ತು, ಮಣ್ಣು ಇತ್ತು. ಮಣ್ಣಿನೊಳಗೆ ಬೇರು, ಬೀಜ, ಬೇರಿಗೆ ನೀರು ಹುಡುಕಿ ಕೊಡುವ ಶಿಲೀಂಧ್ರ ಎಲ್ಲ ಇತ್ತು. ಇಲ್ಲಿ ಅದರ ಗಂಟೇ ಹೋಗಿದೆ. ಮತ್ತೊಂದು ವಿಷಯ ಭಾವನಿಗೆ ಹೇಳಲೋ ಬೇಡವೋ ಅಂತ ಯೋಚಿಸಿ ಕಾರಲ್ಲಿ ಹೇಳಿದೆ. ಮರ ಬಿದ್ದ ವರ್ಷವೇ ಇಳಿಜಾರು ಜಾರಬೇಕೆಂದಿಲ್ಲ. ಸತ್ತ ಮರದ ಬೇರು ಕೆಲವು ವರ್ಷ ಮಣ್ಣು ಹಿಡಿದಿರುತ್ತದೆ, ಕೊಳೆತ ಮೇಲೆ ಬಿಡುತ್ತದೆ. ಹೊಸ ಬೇರು ಅಷ್ಟರೊಳಗೆ ಗಟ್ಟಿಯಾಗಿದ್ದರೆ ಸರಿ. ಭಾವ ಇಡಗುಂದಿಯವರೆಗೆ ಮಾತಾಡಲಿಲ್ಲ. ಆಮೇಲೆ, "ಆ ಮತ್ತಿ ಚಿಗುರು ಈ ವರ್ಷ ಕಡಿಯದು ಬ್ಯಾಡ" ಅಂದರು.

ಅಲ್ಲಿಂದ ವಾಪಸ್ ಹೋಗಬೇಕಿತ್ತು. ಇಷ್ಟು ದೂರ ಬಂದಾಗಿದೆ, ಸಮುದ್ರ ನೋಡಿಯೇ ಹೋಗುವ ಅಂತ ಅರಬೈಲ್ ಇಳಿದೆವು. ಧಾರವಾಡ ಕಡೆ ಹುಟ್ಟಿ, ಮಾಗೋಡಿನಲ್ಲಿ ಧುಮುಕುವ ನಮ್ಮ ಬೇಡ್ತಿ, ಕೆಳಗೆ ಗಂಗಾವಳಿ ಆಗುತ್ತದೆ. ಶಿರೂರಿನಲ್ಲಿ ನಿಧಾನ ಮಾಡಿದೆವು. 2024ರ ಜುಲೈ 16ಕ್ಕೆ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ರಸ್ತೆ ದಾಟಿ ಹೊಳೆಗೆ ಬಿದ್ದ ಜಾಗ. ಗುಡ್ಡದ ಮೈ ಇನ್ನೂ ಕೆಂಪು. ಅಂಚಿನಲ್ಲಿ ಅದೇ ಯುಪಟೋರಿಯಂ. ಕಾರು ನಿಲ್ಲಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

ಸಂಜೆ ಮಂಜಗುಣಿ ಕಡೆ ಹೊಳೆ ದಂಡೆಗೆ ಹೋದಾಗ ನೀರು ಇಳಿದಿತ್ತು. ಕೆಸರಿನಲ್ಲಿ ಕೂತು ಒಬ್ಬ ಅಜ್ಜಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿದ್ದರು. ಮೊದಲು ಆಚೆ ಸಿಗುತ್ತಿತ್ತಂತೆ, ಅಲ್ಲಿ ಮಣ್ಣು ತುಂಬಿ ಈಗ ಈಚೆ ಬಂದಿದ್ದಾರೆ.

"ಎಲ್ಲಿಂದ ಬಂದ್ರಿ?" ಕೇಳಿದರು.

"ಮೇಲಿಂದ ಅಮ್ಮಾ, ಯಲ್ಲಾಪುರ ಕಡೆಯಿಂದ."

ಅಜ್ಜಿ ಹಿಮ್ಮಡಿಗೆ ಮೆತ್ತಿದ ಕೆಸರನ್ನು ಚಿಪ್ಪಿನಿಂದ ಕೆರೆದರು. "ಇದೂ ಅಲ್ಲಿದೇ ಅಲ್ವಾ" ಅಂದು ಮತ್ತೆ ಕೈ ಕೆಸರಿಗೆ ಹಾಕಿದರು.

ಭಾವ ಮಗನಿಗೆ ಕಳಿಸಲು ಅಂತ ಆ ಕೆಸರಿನ ಒಂದು ಫೋಟೋ ತೆಗೆದರು.