ವಿನ್ರಿಯ ಸ್ಪ್ಯಾನರ್, ಮಾವನ ಕಾಲು

ನನ್ನ ಸೋದರಮಾವ ತಿಪಟೂರು ಕಡೆಯವರು. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅವರ ಕಸುಬು. ಸುತ್ತಲಿನ ತೆಂಗಿನ ತೋಟಗಳಲ್ಲಿ ಮೋಟಾರು ಸುಟ್ಟರೆ ಬರುವುದು ಅವರ ಅಂಗಡಿಗೇ. ಕೆಲವು ವರ್ಷಗಳ ಹಿಂದೆ ಅವರ ಬೈಕಿಗೆ ಲಾರಿ ತಾಗಿ ಬಲಗಾಲು ಮೊಣಕಾಲಿನಿಂದ ಕೆಳಗೆ ಹೋಯಿತು. ಅಲ್ಲಿಂದ ಇಲ್ಲಿಯವರೆಗೆ ಜೈಪುರ ಕಾಲು ಅನ್ನುವ ಕೃತಕ ಕಾಲು ಹಾಕಿಕೊಂಡೇ ಅಂಗಡಿ ನಡೆಸಿದ್ದಾರೆ. ಕಳೆದ ಮಳೆಗಾಲದಲ್ಲಿ ಆ ಕಾಲು ತೀರಾ ಸಡಿಲವಾಯಿತು. ಹೊಸದು ಮಾಡಿಸಲು ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದರು.

ಆಗ ನಾನು 'ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್' ಮತ್ತೆ ನೋಡುತ್ತಿದ್ದೆ. 2009ರಿಂದ 2010ರವರೆಗೆ ಜಪಾನಿನಲ್ಲಿ ಬಂದ 64 ಕಂತುಗಳ ಅನಿಮೆ, ಅಂದರೆ ಆನಿಮೇಷನ್ ಧಾರಾವಾಹಿ. ರಸವಿದ್ಯೆ, ರಾಕ್ಷಸರು, ಯುದ್ಧ ಎಲ್ಲ ಇರುವ ಕಥೆ. ನನಗೆ ಅದರಲ್ಲಿ ಎಲ್ಲರಿಗಿಂತ ಹತ್ತಿರದವಳು ವಿನ್ರಿ ರಾಕ್‌ಬೆಲ್. ಅವಳಿಗೆ ಯಾವ ಶಕ್ತಿಯೂ ಇಲ್ಲ. ತಲೆಗೆ ಬಟ್ಟೆ ಕಟ್ಟಿ, ಕೈಗೆ ಗ್ರೀಸ್ ಮೆತ್ತಿಕೊಂಡು, ಲೋಹದ ಕೈಕಾಲು ಮಾಡುವ ಹುಡುಗಿ. ಆ ಲೋಕದಲ್ಲಿ ಇದಕ್ಕೆ ಆಟೋಮೇಲ್ ಅನ್ನುತ್ತಾರೆ. ಕಥಾನಾಯಕ ಎಡ್ವರ್ಡ್ ಎಲ್ರಿಕ್ ಸತ್ತ ತಾಯಿಯನ್ನು ಬದುಕಿಸಲು ಹೋಗಿ ಎಡಗಾಲು ಕಳೆದುಕೊಳ್ಳುತ್ತಾನೆ. ತಮ್ಮನ ಜೀವವನ್ನು ಒಂದು ಕಬ್ಬಿಣದ ಕವಚಕ್ಕೆ ಕಟ್ಟಿ ಉಳಿಸಲು ಬಲಗೈಯನ್ನೂ ಕೊಡುತ್ತಾನೆ. ಅವನನ್ನು ಮತ್ತೆ ನಿಲ್ಲಿಸುವವರು ವಿನ್ರಿ ಮತ್ತು ಅವಳ ಅಜ್ಜಿ ಪಿನಾಕೊ.

ಮಾವ ಸೋಫಾದ ತುದಿಯಲ್ಲಿ ಕೂತು, ಕಾಲು ಬಿಚ್ಚಿ ಪಕ್ಕಕ್ಕಿಟ್ಟು, ಮೊಂಡು ಕಾಲಿಗೆ ಎಣ್ಣೆ ಸವರುತ್ತಿದ್ದರು. ಪರದೆ ಮೇಲೆ ವಿನ್ರಿ ಎಡ್ವರ್ಡ್‌ನ ಭುಜಕ್ಕೆ ಹೊಸ ಕೈ ಜೋಡಿಸುತ್ತಿದ್ದಳು. ನರ ಜೋಡಿಸುವ ಕ್ಷಣಕ್ಕೆ ಅವನು ಹಲ್ಲು ಕಚ್ಚಿ ನರಳಿದ. ಮಾವ ಎಣ್ಣೆ ಸವರುವುದು ಬಿಟ್ಟು ನೋಡಿದರು.

"ಯಾರೇ ಪುಟ್ಟಿ ಈ ಹುಡುಗಿ? ಡಾಕ್ಟ್ರಾ, ಮೆಕ್ಯಾನಿಕ್ಕಾ?"

"ಮೆಕ್ಯಾನಿಕ್ ಮಾವ. ಅಪ್ಪ ಅಮ್ಮ ಡಾಕ್ಟರ್‌ಗಳು. ಯುದ್ಧದಲ್ಲಿ ತೀರಿಕೊಂಡ್ರು."

"ಇವನಿಗೆ ಕಾಲು ಮಂಡಿಯಿಂದ ಮೇಲೆ ಹೋಗಿದೆ. ನನಗಿಂತ ಕಷ್ಟ ಅವನಿಗೆ."

ಆ ರಾತ್ರಿ ಮೊದಲ ಕಂತಿನಿಂದ ಶುರು ಮಾಡಿದೆವು. ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ಹೊಡೆದಾಟ ಬಂದರೆ ಮಾವನಿಗೆ ತೂಕಡಿಕೆ. ರಾಕ್‌ಬೆಲ್ ಮನೆಯ ವರ್ಕ್‌ಶಾಪ್ ಬಂದರೆ ಕಣ್ಣು ಅಗಲ. ಆ ಮನೆಯ ನಾಯಿಗೂ ಒಂದು ಲೋಹದ ಕಾಲು ಇರುವುದನ್ನು ಮೊದಲು ಗಮನಿಸಿದ್ದೂ ಅವರೇ.

ಕಾಲು ಮಾಡಿಸುವ ದಿನ ಬೆಳಗ್ಗೆ ಬೇಗನೇ ಹೊರಟೆವು. ಆ ಕೇಂದ್ರದಲ್ಲಿ ಒಂದು ಉದ್ದ ಹಾಲ್. ಗೋಡೆ ಪಕ್ಕ ಬೆಂಚು. ಒಳಗಿನ ಕೋಣೆಯಿಂದ ಅರ ಉಜ್ಜುವ ಸದ್ದು, ಪ್ಲಾಸ್ಟಿಕ್ ಕಾದ ವಾಸನೆ. ಆಸ್ಪತ್ರೆಗಿಂತ ವರ್ಕ್‌ಶಾಪ್ ಅನಿಸುವ ಜಾಗ. ಮಾವ ಅಲ್ಲಿ ಹಾಯಾಗಿ ಕೂತರು.

ಜೈಪುರ ಕಾಲು ಹುಟ್ಟಿದ್ದೂ ಡಾಕ್ಟರ್ ಮತ್ತು ಕುಶಲಕರ್ಮಿ ಇಬ್ಬರೂ ಸೇರಿಯೇ. 1960ರ ದಶಕದ ಕೊನೆಯಲ್ಲಿ ಜೈಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಮೂಳೆ ವೈದ್ಯ ಪಿ.ಕೆ. ಸೇಠಿ ಮತ್ತು ಕೈಕೆಲಸದಲ್ಲಿ ಪಳಗಿದ್ದ ರಾಮಚಂದ್ರ ಶರ್ಮಾ ಇದನ್ನು ರೂಪಿಸಿದರು. ಶರ್ಮಾ ಅವರಿಗೆ ಶಾಲೆಯ ಓದು ಹೆಚ್ಚೇನೂ ಇರಲಿಲ್ಲ. ಆದರೆ ನಮ್ಮ ಜನ ಹೇಗೆ ಬದುಕುತ್ತಾರೆ ಅನ್ನುವುದು ಕೈಗೇ ಗೊತ್ತಿತ್ತು. ಹೊರಗಿನಿಂದ ಬಂದ ಕೃತಕ ಕಾಲಿಗೆ ಶೂ ಬೇಕಿತ್ತು. ಅದನ್ನು ಹಾಕಿಕೊಂಡು ಚಕ್ಕಂಬಕ್ಕಳ ಕೂರಲು ಆಗುತ್ತಿರಲಿಲ್ಲ, ಕುಕ್ಕರಗಾಲಿನಲ್ಲಿ ಕೂರಲೂ ಆಗುತ್ತಿರಲಿಲ್ಲ. ರಬ್ಬರಿನ ಈ ಪಾದ ಬರಿಗಾಲಿನಲ್ಲಿ ಗದ್ದೆಗೂ ಇಳಿಯುತ್ತದೆ, ಎಲ್ಲ ಕಡೆಗೂ ಸ್ವಲ್ಪ ಬಾಗುತ್ತದೆ. ಮಾವ ನೆಲದ ಮೇಲೆ ಕೂತು ಮೋಟಾರಿಗೆ ತಂತಿ ಸುತ್ತುವುದು ಇದರಿಂದಲೇ.

ಟೆಕ್ನಿಷಿಯನ್ ಐವತ್ತರ ಆಸುಪಾಸಿನವರು. ಮೊದಲು ಹಳೆಯ ಕಾಲನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಹಿಮ್ಮಡಿಯ ಹೊರಗಡೆ ಜಾಸ್ತಿ ಸವೆದಿತ್ತು. ಒಳಗೆ ಕೈ ಹಾಕಿ ತಡವಿದರು. "ಎಷ್ಟು ಸಾಕ್ಸ್ ಹಾಕ್ಕೋತೀರಿ ಯಜಮಾನ್ರೇ?" ಅಂದರು. ಮಾವ ತೋರಿಸಿದರು, ಒಂದರ ಮೇಲೊಂದು ದಪ್ಪ ಸಾಕ್ಸ್. ವರ್ಷ ಕಳೆದಂತೆ ಮೊಂಡು ಕಾಲು ಸಣ್ಣಗಾಗುತ್ತದೆ, ಅದು ಕೂರುವ ಪೊಳ್ಳು ಭಾಗ, ಅಂದರೆ ಸಾಕೆಟ್, ಹಾಗೇ ಇರುತ್ತದೆ. ನಡುವಿನ ಜಾಗ ತುಂಬಲು ಸಾಕ್ಸ್. ಅದೂ ಸಾಲದಾದಾಗ ಮೂಳೆ ಹೋಗಿ ಗೋಡೆಗೆ ಬಡಿಯುತ್ತದೆ, ಗಾಯ ಆಗುತ್ತದೆ.

ಆಮೇಲೆ ಕಾಲಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಮಂಡಿ ಚಿಪ್ಪಿನ ಕೆಳಗೆ ಭಾರ ಹೊರಬಲ್ಲ ಜಾಗ ಒಂದು. ಪಕ್ಕದಲ್ಲಿ ಉಬ್ಬಿದ ಮೂಳೆ, ಅಲ್ಲಿ ಒತ್ತಬಾರದು. ತುದಿಯಲ್ಲೂ ಒತ್ತಬಾರದು. ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತಿ, ಹೆಬ್ಬೆರಳಿನಿಂದ ಒತ್ತಿ ಹಿಡಿದು ಅಚ್ಚು ತೆಗೆದರು. ಆ ಅಚ್ಚಿಗೆ ಪ್ಲಾಸ್ಟರ್ ತುಂಬಿದರೆ ಮಾವನ ಕಾಲಿನದೇ ಒಂದು ಪ್ರತಿರೂಪ. ಅದನ್ನು ಅರದಲ್ಲಿ ತಿದ್ದಿ, ಕಾಯಿಸಿದ ಪ್ಲಾಸ್ಟಿಕ್ ಪೈಪನ್ನು ಅದರ ಮೇಲೆ ಎಳೆದು ಸಾಕೆಟ್ ಮಾಡುತ್ತಾರೆ. ಎಲ್ಲಿ ಎಷ್ಟು ತಿದ್ದಬೇಕು ಅನ್ನುವುದರಲ್ಲೇ ಕೆಲಸವೆಲ್ಲ ಇದೆ.

ಕಾಯುವಾಗ ಫೋನಿನಲ್ಲಿ ವಿನ್ರಿಯ ಕಥೆ ಮುಂದುವರಿಸಿದೆವು. ಎಡ್ವರ್ಡ್‌ನ ಕೈ ಚೂರಾದಾಗ ಅವಳೂ ಅಜ್ಜಿಯೂ ನಿದ್ದೆಗೆಟ್ಟು ಮೂರೇ ದಿನದಲ್ಲಿ ಹೊಸ ಕೈ ಮಾಡುತ್ತಾರೆ. ಈ ಸಲ ಕ್ರೋಮ್ ಜಾಸ್ತಿ ಹಾಕಿದ್ದೇನೆ, ತುಕ್ಕು ಹಿಡಿಯುವುದಿಲ್ಲ, ಆದರೆ ಗಟ್ಟಿತನ ಕಡಿಮೆ, ಜೋಪಾನ ಅಂತ ಅವನಿಗೆ ಹೇಳುತ್ತಾಳೆ. ಮಾವ ತಲೆದೂಗಿದರು. ಮುಂದೆ ಹೊಡೆದಾಟದ ನಡುವೆ ಆ ಕೈ ಕೆಲಸ ನಿಲ್ಲಿಸುತ್ತದೆ. ಅವಳು ಒಂದು ಸ್ಕ್ರೂ ಹಾಕಲು ಮರೆತಿರುತ್ತಾಳೆ.

"ಅರ್ಜೆಂಟ್ ಅರ್ಜೆಂಟ್ ಅಂತ ತಲೆ ಮೇಲೆ ನಿಂತು ಮಾಡಿಸಿದ್ರೆ ಇನ್ನೇನಾಗುತ್ತೆ?" ಅಂದರು ಮಾವ. ಅವರಿಗೆ ಸಿಟ್ಟು ಬಂದಿದ್ದು ಎಡ್ವರ್ಡ್ ಮೇಲೆ. ತೋಟಕ್ಕೆ ನೀರಿಲ್ಲ ಎಂದು ರಾತ್ರಿಯೇ ಮೋಟಾರು ಕೇಳುವ ಗಿರಾಕಿಗಳನ್ನು ಕಂಡವರು ಅವರು.

ನಮ್ಮ ಪಕ್ಕ ಒಬ್ಬ ಹುಡುಗ ತಾಯಿಯ ಜೊತೆ ಕೂತಿದ್ದ. ಹತ್ತು ವರ್ಷ ಇರಬಹುದು. ಮೆಲ್ಲಗೆ ನಮ್ಮ ಫೋನಿನ ಕಡೆ ಸರಿದ. "ಪ್ರತಿ ಸಲ ಬರ್ಬೇಕು ನಾವು, ಬೆಳೀತಾನಲ್ಲ, ಕಾಲು ಗಿಡ್ಡ ಆಗ್ಬಿಡುತ್ತೆ" ಅಂದರು ಆ ತಾಯಿ. ನಾನು ಕಂತು ಹಿಂದಕ್ಕೆ ಎಳೆದೆ. ಎಡ್ವರ್ಡ್ ಬೆಳೆದಿರುವುದರಿಂದ ಅವನ ಲೋಹದ ಕಾಲಿನ ಉದ್ದವನ್ನೂ ಹೆಚ್ಚಿಸಬೇಕು ಅನ್ನುವ ಮಾತು ಅಲ್ಲಿದೆ. ಗಿಡ್ಡ ಅಂದರೆ ಉರಿದು ಬೀಳುವ ಹುಡುಗ ಅವನು, ಬೆಳೆದೆ ಅಂತ ಕೇಳಿ ಕುಣಿಯುತ್ತಾನೆ. ಪಕ್ಕದ ಹುಡುಗ ಅದನ್ನು ಇನ್ನೊಂದು ಸಲ ಹಾಕಿಸಿಕೊಂಡು ನೋಡಿದ.

ನನಗೆ ಈ ಅನಿಮೆ ಇಷ್ಟವಾಗುವುದು ಇಂಥ ಕಡೆಯಲ್ಲೇ. ಫ್ಯಾಂಟಸಿ ಕಥೆಗಳಲ್ಲಿ ವೀರನಿಗೆ ಕೈ ಹೋದರೆ ಒಂದು ಮಾಯದ ಕೈ ಬರುತ್ತದೆ, ಅಲ್ಲಿಗೆ ಮುಗಿಯಿತು. ಇಲ್ಲಿ ಆ ಕೈಗೆ ಎಣ್ಣೆ ಬೇಕು, ಸ್ಕ್ರೂ ಬೇಕು, ಅಳತೆ ಬೇಕು. ಸಾಧಾರಣ ಮೂರು ವರ್ಷ ಹಿಡಿಯುವ ಅಭ್ಯಾಸವನ್ನು ಎಡ್ವರ್ಡ್ ಹಟ ಹಿಡಿದು ಒಂದೇ ವರ್ಷದಲ್ಲಿ ಮುಗಿಸುತ್ತಾನೆ. ಅದರ ನೋವನ್ನೂ ತೋರಿಸುತ್ತಾರೆ. ಇದರ ಮೂಲವಾದ ಮಂಗಾ, ಅಂದರೆ ಜಪಾನಿ ಕಾಮಿಕ್ಸ್, ಬರೆದ ಹಿರೋಮು ಅರಕಾವಾ ಹೊಕ್ಕೈಡೋದ ಹೈನುಗಾರಿಕೆ ಮಾಡುವ ಮನೆಯಲ್ಲಿ ಬೆಳೆದವರು. ದಿನವೂ ಕೈ ಹಾಕದಿದ್ದರೆ ಏನೂ ನಡೆಯದ ಮನೆಯಿಂದ ಬಂದವರಿಗೇ ವಿನ್ರಿಯಂಥವಳನ್ನು ಬರೆಯಲು ಸಾಧ್ಯ ಅಂತ ನಾನು ನಂಬಿದ್ದೇನೆ.

ಕೆಲವರು ವಿನ್ರಿಯನ್ನು ನಾಯಕನಿಗೆ ಜೋಡಿಯಾಗಿ ಇಟ್ಟ ಹುಡುಗಿ ಅಂತಾರೆ. ಇದನ್ನು ನಾನು ಒಪ್ಪುವುದೇ ಇಲ್ಲ. ರಷ್ ವ್ಯಾಲಿ ಅನ್ನುವ ಆಟೋಮೇಲ್ ಕಸುಬಿನ ಊರಿಗೆ ಹೋಗಿ, ತನಗಿಂತ ದೊಡ್ಡ ಕೆಲಸಗಾರರ ಮುಂದೆ ನಿಂತು, ಕೊನೆಗೆ ಗಾರ್ಫೀಲ್ ಅನ್ನುವ ಮೆಕ್ಯಾನಿಕ್ ಬಳಿ ಕೆಲಸ ಕಲಿಯಲು ಸೇರುತ್ತಾಳೆ. ಅವಳ ಗಿರಾಕಿಗಳು ಅವಳಿಗಾಗಿ ಕಾಯುತ್ತಾರೆ. ಸ್ಕಾರ್ ಅವಳ ಅಪ್ಪ ಅಮ್ಮನನ್ನು ಕೊಂದವನು. ಉತ್ತರದ ಹಿಮದಲ್ಲಿ ಅವನು ಗಾಯಗೊಂಡು ಎದುರಿಗೆ ಬಂದಾಗ ಅವನ ಕೈಗೆ ಪಟ್ಟಿ ಕಟ್ಟುತ್ತಾಳೆ. ಕ್ಷಮಿಸಿದ್ದೇನೆ ಅಂತ ಮಾತ್ರ ಹೇಳುವುದಿಲ್ಲ. ಆ ದೃಶ್ಯಕ್ಕೆ ನಾನು ಪ್ರತಿ ಸಲವೂ ಅಳುತ್ತೇನೆ. ಅರವತ್ತನಾಲ್ಕು ಕಂತುಗಳಲ್ಲಿ ಅಷ್ಟು ಗಟ್ಟಿ ಮನಸ್ಸು ಇನ್ಯಾರೂ ತೋರಿಸಿಲ್ಲ.

ಮಧ್ಯಾಹ್ನ ದಾಟಿದ ಮೇಲೆ ಮಾವನ ಹೆಸರು ಕೂಗಿದರು. ಹೊಸ ಕಾಲು ಹಾಕಿಕೊಂಡು ಎರಡು ಕಂಬಿಗಳ ನಡುವೆ ನಿಂತರು. ಎದುರಿಗೆ ಆಳೆತ್ತರದ ಕನ್ನಡಿ. ಟೆಕ್ನಿಷಿಯನ್ ಹಿಂದೆ ಮಂಡಿಯೂರಿ ಕೂತು, ಸೊಂಟದ ಎರಡೂ ಬದಿಗೆ ಕೈ ಇಟ್ಟು ಎತ್ತರ ನೋಡಿದರು. ಬಲಗಡೆ ಒಂದು ಎಳೆ ತಗ್ಗು. ಪಾದದ ಕೆಳಗೆ ತೆಳು ಹಲಗೆ ಇಟ್ಟು ಮತ್ತೆ ನೋಡಿದರು. "ನಡೀರಿ." ಮಾವ ನಡೆದರು. ತಿರುಗಿ ಬಂದರು. ಕಾಲು ಬಿಚ್ಚಿಸಿ ಚರ್ಮದ ಮೇಲಿನ ಕೆಂಪು ಗುರುತುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕಾದರು. ಒಂದು ಕಡೆ ಕೆಂಪು ಹೋಗಲಿಲ್ಲ. ಸಾಕೆಟ್ ಒಳಗೆ ತೆಗೆದುಕೊಂಡು ಹೋಗಿ, ಅಲ್ಲಿಗೆ ಬಿಸಿ ಕೊಟ್ಟು ಹೊರಕ್ಕೆ ಉಬ್ಬಿಸಿ ತಂದರು. ಮತ್ತೆ ನಡಿಗೆ, ಮತ್ತೆ ಬಿಚ್ಚುವುದು. ಯಾರೂ ಅವಸರ ಮಾಡಲಿಲ್ಲ. ಮಾವನೂ "ಪರವಾಗಿಲ್ಲ, ಸಾಕು ಬಿಡಿ" ಅನ್ನಲಿಲ್ಲ. ಇಬ್ಬರು ಮೆಕ್ಯಾನಿಕ್‌ಗಳು ಒಂದೇ ಮೋಟಾರಿನ ಸದ್ದು ಕೇಳುವಂತೆ ಆ ಕಾಲಿಗೆ ಕಿವಿ ಕೊಟ್ಟಿದ್ದರು.

ಹೊರಡುವಾಗ ಟೆಕ್ನಿಷಿಯನ್ ಹೇಳಿದ್ದು: ಕಾಲು ಕಟ್ಟುವ ಪಟ್ಟಿ ಒದ್ದೆಯಾದರೆ ಒಣಗಿಸಿ, ರಾತ್ರಿ ಚರ್ಮ ನೋಡಿಕೊಳ್ಳಿ, ಗಾಯ ಕಂಡರೆ ಕಾಲು ಹಾಕದೆ ನೇರ ಇಲ್ಲಿಗೆ ಬನ್ನಿ.

ಊರಿಗೆ ಹೋಗುವ ಮೊದಲು ಮಾವ ಕೊನೆಯ ಕಂತನ್ನೂ ನೋಡಿಯೇ ಹೋದರು. ಎಡ್ವರ್ಡ್‌ಗೆ ಬಲಗೈ ವಾಪಸ್ ಬರುತ್ತದೆ, ಎಡಗಾಲು ಬರುವುದಿಲ್ಲ. ಅದು ಲೋಹದ್ದಾಗಿಯೇ ಉಳಿಯುತ್ತದೆ. ರೈಲು ನಿಲ್ದಾಣದಲ್ಲಿ ಅವನು ನನ್ನ ಅರ್ಧ ಬದುಕು ಕೊಡುತ್ತೇನೆ, ನಿನ್ನ ಅರ್ಧ ಕೊಡು ಅನ್ನುತ್ತಾನೆ. ಅರ್ಧ ಯಾಕೆ, ಪೂರ್ತಿ ಕೊಡ್ತೀನಿ ಅನ್ನುತ್ತಾಳೆ ವಿನ್ರಿ. ಆಮೇಲೆ ಲೆಕ್ಕ ಹಾಕುತ್ತಾ ಹಾಕುತ್ತಾ ಶೇಕಡಾ 85ಕ್ಕೆ ಬಂದು ನಿಲ್ಲುತ್ತಾಳೆ. ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಮಾವ ಬೇರೇನೋ ಯೋಚಿಸುತ್ತಿದ್ದರು.

"ಆ ಮಂಜಿನ ಊರಿಗೆ ಹೋಗಿ ಹಗುರದ ಕೈ ಹಾಕಿದ್ಲಲ್ಲ, ಅದರಲ್ಲಿ ಏನೇನಿತ್ತು ಅಂದೆ?"

ಬ್ರಿಗ್ಸ್ ಕೋಟೆಯ ಚಳಿಯಲ್ಲಿ ಉಕ್ಕಿನ ಕೈ ಹಾಕಿದರೆ ಅದು ತಾಗುವ ಕಡೆ ಮಾಂಸವೇ ಹೆಪ್ಪುಗಟ್ಟುತ್ತದೆ. ಅದಕ್ಕೇ ವಿನ್ರಿ ಅಲ್ಲಿಗೆ ಹೋಗಿ ಬೇರೆ ಲೋಹದ ಕೈ ಹಾಕಿದ್ದು. "ಡ್ಯುರಾಲುಮಿನ್, ಕಾರ್ಬನ್ ಫೈಬರ್, ನಿಕ್ಕಲ್, ತಾಮ್ರ" ಅಂದೆ.

"ಡ್ಯುರಾಲುಮಿನ್ ಅಂದ್ರೆ ಅಲ್ಯೂಮಿನಿಯಂಗೆ ತಾಮ್ರ ಸೇರಿಸಿದ್ದು. ಹಗುರ ಇರುತ್ತೆ, ಗಟ್ಟೀನೂ ಇರುತ್ತೆ" ಅಂದರು. ಹೊಸ ಕಾಲನ್ನು ಒಂದು ಸಲ ಎತ್ತಿ ತೂಕ ನೋಡಿದರು. "ಮುಂದಿನ ಸಲ ಹೋದಾಗ ಆ ಟೆಕ್ನಿಷಿಯನ್‌ನ ಕೇಳ್ಬೇಕು, ಪಟ್ಟಿ ಬಕಲ್ಲಿಗಾದ್ರೂ ಇದು ಆಗುತ್ತಾ ಅಂತ. ಇವರು ಹಾಕಿರೋದು ಮಳೆಗೆ ತುಕ್ಕು ಹಿಡಿಯುತ್ತೆ."